ಬೋಟು ನಮ್ದೇ, ಟೈಮು ಮಾತ್ರ ಚಂದ್ರಂದು

ಪ್ರೈವೇಟ್ ಬೋಟ್ ಅಂದ್ರೆ ಇಷ್ಟ ಬಂದಾಗ ಹೊರಡೋದು, ಇಷ್ಟ ಬಂದ ದ್ವೀಪದಲ್ಲಿ ಇಳಿಯೋದು, ಬೇಜಾರಾದ್ರೆ ಮುಂದಿನ ದ್ವೀಪಕ್ಕೆ ಹೋಗ್ತಾ ಇರೋದು ಅಂತ ನಂಬಿರೋರಿಗೆಲ್ಲ ನನ್ನ ಭಾಮೈದನ್ನ ಪರಿಚಯ ಮಾಡಿಸ್ಬೇಕು. ಥಾಯ್ಲೆಂಡಿನ ಕ್ರಾಬಿಗೆ ಹೊರಡೋ ಮುಂಚೇನೇ ಅವನು ಎಕ್ಸೆಲ್‌ನಲ್ಲಿ ಟೈಮ್‌ಟೇಬಲ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ. ಒಂಬತ್ತೂವರೆಗೆ ಥಲೆ ವೇಕ್, ಹತ್ತೂಕಾಲಿಗೆ ಚಿಕನ್ ಐಲ್ಯಾಂಡ್, ಆಮೇಲೆ ಪೋಡಾ, ಅಲ್ಲೇ ಊಟ, ಅಲ್ಲಿಂದ ಪ್ರಾ ನಾಂಗ್ ಬೀಚು, ಒಂದೊಂದು ದ್ವೀಪಕ್ಕೂ ಒಂದೊಂದು ಕಲರ್ರು. “ಬೇರೆಯವ್ರ ಜೊತೆ ಸೇರ್ಕೊಂಡು ಹೋಗೋ ಜಾಯಿನ್ ಟೂರ್ ಆದ್ರೆ ಅವ್ರು ಕುಣಿಸ್ದಂಗೆ ನಾವು ಕುಣೀಬೇಕು ಭಾವ, ಚಾರ್ಟರ್ ತಗೊಂಡ್ರೆ ಬೋಟು ನಮ್ದೇ” ಅಂದ. ನಾನು ಹೂಂ ಅಂದೆ. ದುಡ್ಡು ಅವನೇ ಕೊಡ್ತಿದ್ದ ಅನ್ನೋದೂ ಒಂದು ಕಾರಣ.

ಕ್ರಾಬಿಯಲ್ಲಿ ನಾವು ಹೊರಟ ಆವೊ ನಾಂಗ್ ಬೀಚಲ್ಲಿ ಸಿಗೋದು ಲಾಂಗ್‌ಟೇಲ್ ಬೋಟು. ಉದ್ದಕ್ಕೆ ಮರದ ದೋಣಿ, ಹಿಂದ್ಗಡೆ ಯಾವುದೋ ಗಾಡಿಯಿಂದ ಬಿಚ್ಕೊಂಡು ಬಂದ ಇಂಜಿನ್ನು, ಅದಕ್ಕೆ ಮಾರುದ್ದದ ಒಂದು ರಾಡು, ರಾಡಿನ ತುದೀಲಿ ಪ್ರೊಪೆಲ್ಲರ್. ಸ್ಟೀರಿಂಗ್ ಅನ್ನೋದೇ ಇಲ್ಲ, ಕ್ಯಾಪ್ಟನ್ ಇಡೀ ಇಂಜಿನ್ನನ್ನೇ ಹಿಡ್ಕೊಂಡು ಆ ಕಡೆ ಈ ಕಡೆ ತಿರುಗಿಸ್ತಾನೆ, ನೀರು ಕಮ್ಮಿ ಇರೋ ಕಡೆ ರಾಡನ್ನ ನೀರಿಂದ ಮೇಲಕ್ಕೆ ಎತ್ಬಿಡ್ತಾನೆ. ಸೈಲೆನ್ಸರ್ ಇದ್ಯೋ ಇಲ್ವೋ, ಇದ್ರೂ ಅದು ಡ್ಯೂಟಿ ಮಾಡಲ್ಲ. ಹೊರಟ ಮೇಲೆ ಪಕ್ಕದಲ್ಲಿ ಕೂತೋರು ಏನು ಹೇಳಿದ್ರೂ ಕೇಳಿಸಲ್ಲ. ಹೆಂಡತಿ, ಅತ್ತೆ, ಭಾಮೈದ ಎಲ್ರೂ ಒಂದೇ ದೋಣೀಲಿ ಇರುವಾಗ ಇದು ಎಂಥಾ ಸೌಕರ್ಯ ಅಂತ ಸಂಸಾರಸ್ಥರಿಗೆ ನಾನು ಬಿಡಿಸಿ ಹೇಳ್ಬೇಕಿಲ್ಲ.

ಹತ್ತೋದು ಮಾತ್ರ ಒಂದು ಕಥೆ. ಬೋಟು ದಡಕ್ಕೆ ತಾಕೋ ಹಾಗೆ ಬರಲ್ಲ, ನಾವೇ ಮೊಣಕಾಲುದ್ದ ನೀರಲ್ಲಿ ನಡ್ಕೊಂಡು ಹೋಗಿ ಮುಂದ್ಗಡೆ ನೇತು ಹಾಕಿರೋ ಸಣ್ಣ ಏಣಿ ಹತ್ಬೇಕು. ಅತ್ತೆ ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ರು, ಅಷ್ಟೊತ್ತಿಗೆ ಅಲೆ ಬಂದು ಬೋಟು ಮೇಲಕ್ಕೆ ಹೋಯ್ತು, ಬೋಟಿನ ಜೊತೆ ಏಣಿ, ಏಣಿ ಜೊತೆ ಅತ್ತೇದು ಒಂದು ಕಾಲು. ಇನ್ನೊಂದು ಕಾಲು ಇನ್ನೂ ನೆಲದ ಮೇಲೇ ಇತ್ತು. “ಅಳಿಯಂದ್ರೇ, ಹಿಡ್ಕೊಳಿ!” ಅಂದ್ರು. ಯಾವ್ದನ್ನ ಹಿಡೀಬೇಕು ಅಂತ ನಾನು ಯೋಚಿಸ್ತಾ ಇರೋವಾಗ್ಲೇ ಕ್ಯಾಪ್ಟನ್ ಬಗ್ಗಿ ಅವರ ಮೊಣಕೈ ಹಿಡಿದು, ಮುಂದಿನ ಅಲೆ ಬರೋ ತನಕ ಕಾದು, ಅಲೆ ಎತ್ತಿದ ಕ್ಷಣಕ್ಕೆ ಒಂದೇ ಒಂದ್ಸಲ ಎಳೆದ. ಅತ್ತೆ ಒಳಗೆ ಕೂತಿದ್ರು, ಲೈಫ್ ಜಾಕೆಟ್ ಬಕಲ್ ಕೂಡ ಹಾಕಿ ಆಗಿತ್ತು. ಆ ಮನುಷ್ಯ ಏನೇ ಮಾಡೋ ಮುಂಚೇನೂ ನೀರು ಏನು ಮಾಡ್ತಿದೆ ಅಂತ ಒಂದ್ಸಲ ನೋಡ್ತಿದ್ದ. ನಮ್ಮ ಭಾಮೈದ ಏನೇ ಮಾಡೋ ಮುಂಚೆ ಫೋನ್ ನೋಡ್ತಿದ್ದ. ಇಡೀ ದಿನದ ಜಗಳ ಇದೊಂದರಲ್ಲೇ ಇತ್ತು ನೋಡಿ.

ಬೋಟಿನ ಮೂತಿಗೆ ಬಣ್ಣಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿರ್ತಾರೆ. ಅದು ಅಲಂಕಾರಕ್ಕಲ್ಲ, ದೋಣಿ ಕಾಯೋ ದೇವತೆ ಮೇ ಯಾ ನಾಂಗ್‌ಗೆ, ಆಕೆ ಇರೋದೇ ಅಲ್ಲಿ ಅಂತ ಅವರ ನಂಬಿಕೆ. ಭಾಮೈದ ಪ್ರೊಫೈಲ್ ಫೋಟೋಗೆ ಅಂತ ಸೀದಾ ಹೋಗಿ ಅದರ ಮೇಲೇ ಕಾಲಿಡೋಕೆ ಹೊರಟಿದ್ದ. ಕ್ಯಾಪ್ಟನ್ ಬೈಲಿಲ್ಲ, ನಗ್ತಾನೇ ಇಂಜಿನ್ ಸ್ವಲ್ಪ ಜಾಸ್ತಿ ಮಾಡಿದ. ಭಾಮೈದ ವಾಪಸ್ ಬಂದು ಕೂತ, ಕೂತ ಅನ್ನೋದಕ್ಕಿಂತ ಬಿದ್ದ.

ಒಂಬತ್ತೂವರೆಗೆ ಸರಿಯಾಗಿ ಥಲೆ ವೇಕ್. ಇಲ್ಲಿ ಟುಪ್, ಮೋರ್, ಚಿಕನ್ ಅನ್ನೋ ಮೂರು ದ್ವೀಪಗಳ ಮಧ್ಯ ಸಮುದ್ರದಲ್ಲೇ ಬಿಳಿ ಮರಳಿನ ದಾರಿ ಕಾಣ್ಸತ್ತೆ, ಒಂದರಿಂದ ಇನ್ನೊಂದಕ್ಕೆ ನಡ್ಕೊಂಡೇ ಹೋಗ್ಬಹುದು, ರೀಲ್ಸಲ್ಲಿ ನೀವೂ ನೋಡಿರ್ತೀರ. ನಾವು ಹೋದಾಗ ದ್ವೀಪಗಳಿದ್ವು, ಸಮುದ್ರ ಇತ್ತು, ದಾರಿ ಇರ್ಲಿಲ್ಲ. “ವೇರ್ ಸ್ಯಾಂಡ್?” ಅಂತ ಭಾಮೈದ ಕೇಳಿದ. ಕ್ಯಾಪ್ಟನ್ ಇಂಜಿನ್ ಆಫ್ ಮಾಡಿ, ಬಗ್ಗಿ, ಬೆರಳಿಂದ ನೀರಿನ ಕೆಳಗೆ ತೋರಿಸಿದ. “ಹಿಯರ್.”

ವಿಷಯ ಏನಂದ್ರೆ ಆ ಮರಳು ತಲೆ ಎತ್ತೋದು ನೀರು ಇಳಿದಾಗ ಮಾತ್ರ. ಆ ಕಡೆ ಸಮುದ್ರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ ಬೇಕು, ಅದೂ ದಿನಾ ಒಂದೇ ಟೈಮಿಗಲ್ಲ, ಚಂದ್ರನ ಲೆಕ್ಕದಲ್ಲಿ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರತ್ತೆ. ಭಾಮೈದ ಟೈಮಿಂಗ್ಸ್ ಎತ್ಕೊಂಡಿದ್ದು ಯಾರೋ ಹಾಕಿದ ವೀಡಿಯೋದಿಂದ, ಅವರು ಹೋಗಿದ್ದು ಇನ್ಯಾವುದೋ ತಿಥಿಯಲ್ಲಿ. ನಾವು ಹೋಗಿದ್ದು ಹುಣ್ಣಿಮೆ ಆಸುಪಾಸು, ಏರೋ ನೀರೂ ಜಾಸ್ತಿ, ಇಳಿಯೋದೂ ಜಾಸ್ತಿ. “ಥ್ರೀ ಥರ್ಟಿ ಕಮ್ ಬ್ಯಾಕ್” ಅಂದ ಕ್ಯಾಪ್ಟನ್. ಮೂರೂವರೆಗೆ ಶೀಟಲ್ಲಿ ಬೇರೆ ಬೀಚಿತ್ತು, ತಿಳಿ ಗುಲಾಬಿ ಕಲರ್.

ಭಾಮೈದ ತಲೆ ಬಗ್ಗಿಸಿ ಫೋನಲ್ಲಿ ಸಾಲುಗಳನ್ನ ಮೇಲೆ ಕೆಳಗೆ ಮಾಡೋಕೆ ಶುರು ಮಾಡಿದ. ಅಲ್ಲಾಡೋ ದೋಣೀಲಿ ಸ್ಕ್ರೀನ್ ನೋಡಿದ್ರೆ ಏನಾಗತ್ತೆ ಅಂದ್ರೆ ಕಿವಿಯೊಳಗಿನ ಬ್ಯಾಲೆನ್ಸು ನಾವು ಅಲ್ಲಾಡ್ತಿದೀವಿ ಅನ್ನತ್ತೆ, ಕಣ್ಣು ಇಲ್ಲಪ್ಪ ಎಲ್ಲ ಸ್ಥಿರವಾಗೇ ಇದೆ ಅನ್ನತ್ತೆ, ಇಬ್ಬರ ಜಗಳದಲ್ಲಿ ಹೊಟ್ಟೆ ಹೊರಗೆ ಬರತ್ತೆ. ಮಾತ್ರೆ ತಂದಿದ್ದ, ಇಲ್ಲ ಅಂತಲ್ಲ, ಆದ್ರೆ ಶೀಟಲ್ಲಿ ಅದು ‘ಎಮರ್ಜೆನ್ಸಿ’ ಕಾಲಮ್ಮಲ್ಲಿತ್ತು, ಆ ಮಾತ್ರೆ ಕೆಲಸ ಮಾಡೋದು ಹೊರಡೋ ಅರ್ಧ ಗಂಟೆ ಮುಂಚೆ ನುಂಗಿದ್ರೆ. ಪಾಪ, ಚಿಕನ್ ಐಲ್ಯಾಂಡಿನ ಕೋಳಿ ಕತ್ತಿನ ಬಂಡೆ ಬಂದಾಗ ಎಲ್ರೂ ಮೇಲೆ ನೋಡ್ತಿದ್ವಿ, ಅವನೊಬ್ಬ ಕೆಳಗೆ ನೋಡ್ತಿದ್ದ. ಅತ್ತೆಗೆ ಮಾತ್ರ ಏನೂ ಆಗ್ಲಿಲ್ಲ. ಅವರು ಬೋಟಿನ ಮಧ್ಯದಲ್ಲಿ ಕೂತು, ನೆಲ ಎಲ್ಲಿದೆ ನೆಲ ಎಲ್ಲಿದೆ ಅಂತ ದೂರದ ಅಂಚನ್ನೇ ನೋಡ್ತಿದ್ರು, ಡಾಕ್ಟ್ರು ಹೇಳೋ ಮದ್ದೂ ಅದೇನೇ.

ಮಾಸ್ಕು, ಪೈಪು ಹಾಕ್ಕೊಂಡು ನೀರೊಳಗೆ ಮೀನು ನೋಡೋ ಸ್ನಾರ್ಕ್ಲಿಂಗ್ ಬಗ್ಗೆ ನಾನು ಹೇಳೋದು ಏನೂ ಇಲ್ಲ, ಯಾಕಂದ್ರೆ ನಾನು ಏನೂ ನೋಡಿಲ್ಲ. ಕನ್ನಡಕದೋರ ಕಷ್ಟ ಯಾವ ಬ್ರೋಶರಲ್ಲೂ ಬರಲ್ಲ. ಕನ್ನಡಕ ಹಾಕಿದ್ರೆ ಮಾಸ್ಕ್ ಒಳಗೆ ನೀರು ಬರತ್ತೆ, ತೆಗೆದ್ರೆ ಸಮುದ್ರ ಪೂರ್ತಿ ಹಸಿರು ಮಂಜು. ಹೆಂಡತಿ ನನ್ನ ಕೈ ಹಿಡಿದು ಜಗ್ಗಿ ಜಗ್ಗಿ ಏನೇನೋ ತೋರಿಸ್ತಿದ್ಳು, ಮೇಲೆ ಬಂದಾಗೆಲ್ಲ “ನೋಡಿದ್ರಾ? ಪಟ್ಟೆ ಪಟ್ಟೆ ಇತ್ತು, ನೋಡಿದ್ರಾ?” ಅಂತಿದ್ಳು. ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಇಂಥಾ ಪ್ರಶ್ನೆಗೆ ಒಂದೇ ಉತ್ತರ ಇರೋದು, ಅದನ್ನೇ ಹೇಳಿದೆ. ಒಂದು ಪಟ್ಟೆ ಮೀನು ನನ್ನ ಮೊಣಕಾಲ ಹತ್ರ ಸಣ್ಣಗೆ ಕಚ್ಚಿದಾಗ ಮಾತ್ರ ಅವಳು ಹೇಳಿದ್ದು ನಿಜ ಅಂತ ಗೊತ್ತಾಯ್ತು.

ಇನ್ನು ಟಾಯ್ಲೆಟ್. ಲಾಂಗ್‌ಟೇಲಲ್ಲಿ ಟಾಯ್ಲೆಟ್ ಇರಲ್ಲ. ಶೀಟಲ್ಲಿ ಇಷ್ಟೊಂದು ಸಾಲಿದ್ರೂ ಈ ಸಾಲೇ ಇರ್ಲಿಲ್ಲ. ಭಾಮೈದ ಸನ್ನೆ ಮಾಡಿ ಕೇಳಿದ್ದಕ್ಕೆ ಕ್ಯಾಪ್ಟನ್ ಬಹಳ ಧಾರಾಳವಾಗಿ ಕೈ ಚಾಚಿ ಇಡೀ ಅಂಡಮಾನ್ ಸಮುದ್ರ ತೋರಿಸಿದ. ಅತ್ತೆ ಮುಖ ನೋಡಿ ಅವನಿಗೇ ಏನನ್ನಿಸ್ತೋ, ಮಾತಾಡದೆ ಬೋಟು ತಿರುಗಿಸಿ ಪೋಡಾ ಕಡೆ ಬಿಟ್ಟ, ಅಲ್ಲಿ ಟಾಯ್ಲೆಟ್ಟಿದೆ. ಟೈಮ್‌ಟೇಬಲ್ ಅಧಿಕೃತವಾಗಿ ಸತ್ತಿದ್ದು ಅಲ್ಲಿ. ಆಮೇಲೆ ಕ್ಯಾಪ್ಟನ್ ಹೋಗು ಅಂದಲ್ಲಿ ಹೋದ್ವಿ, ಊಟ ಮಾಡು ಅಂದಾಗ ಮಾಡಿದ್ವಿ, ನಿಜ ಹೇಳ್ಬೇಕಂದ್ರೆ ದಿನದ ಅತಿ ಒಳ್ಳೆ ಭಾಗ ಅದೇ.

ಮೂರೂವರೆಗೆ ವಾಪಸ್ ಹೋದ್ರೆ ಬೆಳಗ್ಗೆ ಸಮುದ್ರ ಇದ್ದ ಜಾಗದಲ್ಲಿ ಜನ ಚಪ್ಪಲಿ ಕೈಲಿ ಹಿಡ್ಕೊಂಡು ಓಡಾಡ್ತಿದ್ರು. ಕ್ರಾಬಿಯ ಅಷ್ಟೂ ಬೋಟುಗಳು ಅಲ್ಲೇ ಇದ್ವು, ಚಂದ್ರ ನಮಗೊಬ್ರಿಗೇ ಅಪಾಯಿಂಟ್‌ಮೆಂಟ್ ಕೊಟ್ಟಿರ್ಲಿಲ್ಲ ಅಂತ ಕಾಣತ್ತೆ. ಒಳ್ಳೇದಾಯ್ತು ಅಂದ್ಕೊಂಡ್ರೆ ಇಳಿದ ನೀರು ಆವೊ ನಾಂಗಲ್ಲೂ ಇಳಿದಿರತ್ತಲ್ಲ. ಬೋಟು ದಡದಿಂದ ಎಲ್ಲೋ ದೂರದಲ್ಲಿ ನಿಂತ್ಬಿಡ್ತು, ಕಲ್ಲು, ಕೆಸರು, ಚಿಪ್ಪು ತುಳ್ಕೊಂಡು, ಬ್ಯಾಗು ತಲೆ ಮೇಲೆ ಇಟ್ಕೊಂಡು ಎಲ್ರೂ ನಡೆದ್ವಿ. ಅತ್ತೆ ದಾರಿಯುದ್ದಕ್ಕೂ ಮಗನಿಗೆ “ಬೋಟು ನಮ್ದೇನಪ್ಪಾ?” ಅಂತ ಕೇಳ್ತಾನೇ ಬಂದ್ರು.

ಇದಾದ್ಮೇಲೆ ಇನ್ನೊಂದಿನ ‘ಮಾಯಾ ಬೇ’ ಅನ್ನೋ ಕಡೆಗೆ ತಲೆ ತಗ್ಗಿಸ್ಕೊಂಡು ಜಾಯಿನ್ ಟೂರ್ ಸ್ಪೀಡ್‌ಬೋಟಲ್ಲೇ ಹೋದ್ವಿ. ಪಿಪಿ ದ್ವೀಪಗಳ ಈ ಬೀಚಿಗೆ ಹಾಲಿವುಡ್ ಸಿನಿಮಾ ಒಂದು ಬಂದ್ಮೇಲೆ ಜನ ಮುಗಿಬಿದ್ದು, ಹವಳ ಎಲ್ಲ ಹಾಳಾಗಿ, 2018ರ ಜೂನಲ್ಲಿ ಬಾಗಿಲು ಹಾಕಿದ್ರು, ಮತ್ತೆ ತೆಗೆದಿದ್ದು 2022ರ ಜನವರೀಲಿ. ಈಗ್ಲೂ ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಮುಚ್ತಾರೆ. ಬೋಟು ಒಳಗೆ ಬಿಡಲ್ಲ, ದ್ವೀಪದ ಬೆನ್ನ ಕಡೆ ಇಳಿದು ನಡ್ಕೊಂಡು ಬರ್ಬೇಕು. ಭಾಮೈದ ಹಿಂದಿನ ನಷ್ಟ ಎಲ್ಲ ಇಲ್ಲೇ ವಸೂಲಿ ಮಾಡೋ ಹಾಗೆ ಮಾಸ್ಕು, ಪೈಪು, ಕಾಲಿಗೆ ಬಾತುಕೋಳಿ ಚಪ್ಪಲಿ ಎಲ್ಲ ಹಾಕ್ಕೊಂಡು ಫುಲ್ ರೆಡಿಯಾಗಿ ನೀರಿಗಿಳಿದ. ಪೀ ಅಂತ ವಿಸಿಲ್ ಬಿತ್ತು. ಅಲ್ಲಿ ಈಜೋ ಹಾಗಿಲ್ಲ, ಮೊಣಕಾಲು ತನಕ ಮಾತ್ರ. ಒಂದು ಹೆಜ್ಜೆ ಹಿಂದೆ ಬಂದ, ಮತ್ತೆ ವಿಸಿಲ್, ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ಅವನ ಮುಂದೇನೇ ಕಪ್ಪು ತುದಿಯ ರೆಕ್ಕೆ ಇರೋ ಮರಿ ಶಾರ್ಕ್ ಒಂದು ದಡದ ಪಕ್ಕದಲ್ಲೇ ಆರಾಮಾಗಿ ಈಜ್ಕೊಂಡು ಹೋಯ್ತು. ಮಾಸ್ಕ್ ಹಣೆ ಮೇಲೆ ಏರಿಸಿ ಅವನು ಅದನ್ನೇ ನೋಡ್ತಾ ನಿಂತ.

“ಅದಕ್ಕ್ಯಾಕೆ ವಿಸಿಲ್ ಹೊಡೀಲಿಲ್ಲ?” ಅಂದ್ರು ಅತ್ತೆ.

“ಅಮ್ಮ, ಅದು ಇಲ್ಲಿಂದೇ.”

“ಹಾಗಾದ್ರೆ ಟೈಮ್ ಕೇಳೋದು ಅದನ್ನ ಕೇಳ್ಬೇಕಿತ್ತು ಕಣೋ.”