ಊಟ ಆದಮೇಲೆ ಟೂತ್‌ಪಿಕ್ ಬೇಕಾ, ಬೇಡವಾ?

ಪರ: ಕಡ್ಡಿ ಇಲ್ಲದಿದ್ದರೆ ಪಿನ್ನೇ ಗತಿ

ನಾಟಿ ಕೋಳಿ ತಿಂದಮೇಲೆ ದವಡೆ ಸಂದಿಯಲ್ಲಿ ಒಂದು ನಾರು ಉಳಿದರೆ ಮುಗಿಯಿತು. ನಾಲಿಗೆ ಅಲ್ಲೇ ತಡಕುತ್ತಾ ಕೂರುತ್ತದೆ. ಹೋಟೆಲ್ ಗಲ್ಲಾ ಮೇಲೆ ಸೋಂಪಿನ ಪಕ್ಕ ಕಡ್ಡಿ ಇಡೋದು ಸುಮ್ನೆ ಅಲ್ಲ.

ಕಡ್ಡಿ ಸಿಗದಿದ್ದರೆ ಜನ ಬಿಡ್ತಾರಾ? ನಮ್ಮತ್ತೆ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚುತ್ತಿದ್ದರು. ಮಾವ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಳ್ಳುತ್ತಿದ್ದರು. ಅದು ಎಲ್ಲೆಲ್ಲಿ ಗುಡಿಸಿತ್ತೋ ದೇವರೇ ಬಲ್ಲ! ಅವುಗಳ ಮುಂದೆ ಟೂತ್‌ಪಿಕ್ ಪಾಪದ್ದು.

ಬಳಸೋದು ಗೊತ್ತಿರಬೇಕು ಅಷ್ಟೆ. ಮೊದಲು ನೀರು ತುಂಬಿಕೊಂಡು ಜೋರಾಗಿ ಮುಕ್ಕಳಿಸಿ. ಎಷ್ಟೋ ಸಲ ಅಷ್ಟಕ್ಕೇ ಬಿಟ್ಟು ಬರುತ್ತದೆ. ಬರದಿದ್ದರೆ ಕಡ್ಡಿಯ ತುದಿಯನ್ನು ವಸಡಿಗೆ ತಾಗಿಸದೆ, ಹಲ್ಲಿನ ಬದಿಗೆ ಒರಗಿಸಿ ಮೆಲ್ಲಗೆ ಹೊರಕ್ಕೆ ತಳ್ಳಿ. ಒತ್ತಬೇಡಿ. ತುದಿ ಸೀಳಿದ್ದರೆ ಬೇರೆ ಕಡ್ಡಿ ತಗೊಳ್ಳಿ. ಎರಡು ಮೂರು ಸಲಕ್ಕೆ ಬರಲಿಲ್ಲವೆಂದರೆ ಹಟ ಬಿಡಿ.

ವಿರೋಧ: ಸಿಕ್ಕಿಕೊಳ್ಳೋದು ಯಾಕೆ ಅಂತ ನೋಡಿ

ಪಿನ್ನಿಗಿಂತ ಕಡ್ಡಿ ಮೇಲು, ಒಪ್ಪಿದೆ. ಆದರೆ ಹಾಗೆ ಮೆಲ್ಲಗೆ ಬಳಸುವವರು ಎಷ್ಟು ಜನ? ನಾನಂತೂ ಅಲ್ಲ. ಬಲಗಡೆ ದವಡೆಯ ಒಂದೇ ಜಾಗವನ್ನು ಎರಡು ವರ್ಷ ಕೆದಕಿದೆ. ಎರಡು ಹಲ್ಲಿನ ನಡುವೆ ತ್ರಿಕೋನದಂತೆ ವಸಡು ತುಂಬಿರುತ್ತದಲ್ಲ, ಪದೇ ಪದೇ ಚುಚ್ಚಿದರೆ ಅದು ಕುಗ್ಗುತ್ತದೆ. ಸಂದಿ ದೊಡ್ಡದಾಗುತ್ತದೆ. ಆಗ ಊಟ ಇನ್ನೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ, ಮತ್ತೆ ಕಡ್ಡಿ!

ಕೊನೆಗೆ ಡಾಕ್ಟರಿಗೆ ತೋರಿಸಿದರೆ ಆ ಸಂದಿಯಲ್ಲೇ ಹುಳುಕು. ದಿನಾ ಒಂದೇ ಕಡೆ ಸಿಕ್ಕಿಕೊಳ್ಳುತ್ತಿದ್ದರೆ ಹುಳುಕು ಇರಬಹುದು, ಹಳೇ ಫಿಲ್ಲಿಂಗ್ ಸಡಿಲವಾಗಿರಬಹುದು. ಕಡ್ಡಿಯಿಂದ ನಾನು ಡಾಕ್ಟರಿಗೆ ತೋರಿಸೋದನ್ನು ಮುಂದೂಡುತ್ತಿದ್ದೆ, ಅಷ್ಟೇ.

ಇನ್ನು ಕಡ್ಡಿ ಕಚ್ಚಿಕೊಂಡೇ ಹರಟೆ ಹೊಡೆಯುವವರು. ಅಮೆರಿಕದ ಕತೆಗಾರ ಶೆರ್ವುಡ್ ಆಂಡರ್ಸನ್ 1941ರಲ್ಲಿ ತೀರಿಕೊಂಡಿದ್ದು ನುಂಗಿದ ಟೂತ್‌ಪಿಕ್ಕಿನಿಂದ. ಅದು ಒಳಗೆ ಚುಚ್ಚಿ ಹೊಟ್ಟೆಗೆಲ್ಲ ಸೋಂಕು ಹರಡಿತ್ತು. ಮರದ ಕಡ್ಡಿ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ.

ಅಲ್ಲದೆ ಕಡ್ಡಿ ಊಟದ ಚೂರನ್ನು ತೆಗೆಯುತ್ತದೆ, ಹಲ್ಲಿನ ಬದಿಗೆ ಅಂಟಿದ ಲೋಳೆಯನ್ನು ಪೂರ್ತಿ ತೆಗೆಯುವುದಿಲ್ಲ. ಅದಕ್ಕೆ ಫ್ಲಾಸ್ ದಾರ ಬೇಕು. ಸಂದಿ ದೊಡ್ಡದಿದ್ದರೆ ಪುಟ್ಟ ಬ್ರಷ್ಷು. ನಾನೀಗ ರಾತ್ರಿ ಒಂದೂವರೆ ಅಡಿ ದಾರ ಬೆರಳಿಗೆ ಸುತ್ತಿಕೊಂಡು ಕನ್ನಡಿ ಮುಂದೆ ನಿಲ್ಲುತ್ತೇನೆ. ಮೊದಮೊದಲು ಸ್ವಲ್ಪ ರಕ್ತ ಬರುತ್ತಿತ್ತು, ಈಗಿಲ್ಲ. ಗಲ್ಲಾ ಹತ್ತಿರ ಕೈ ಇನ್ನೂ ಡಬ್ಬಿಯ ಕಡೆಗೇ ಹೋಗುತ್ತದೆ. ಸೋಂಪು ಮಾತ್ರ ತಗೊಂಡು ಬರುತ್ತೇನೆ.