ಮೊದಲು ತೀರ್ಪು ಓದಿ, ಒಪ್ಪಂದ ಆಮೇಲೆ ನೋಡೋಣ

ಕಾನೂನು ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಅಂತರರಾಷ್ಟ್ರೀಯ ಮಾನವ ಹಕ್ಕು ಅಂದ ಕೂಡಲೇ ಒಂದು ಪಟ್ಟಿ ಒಪ್ಪಿಸುತ್ತಾರೆ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕು ಘೋಷಣೆ, 1966ರ ಎರಡು ಒಡಂಬಡಿಕೆ, ಮಹಿಳೆಯರದ್ದು 1979, ಮಕ್ಕಳದ್ದು 1989. ಪರೀಕ್ಷೆ ಮುಗಿದ ಮೇಲೆ ಎಲ್ಲಾ ಖಾಲಿ. ಅವರನ್ನು ಬೈದು ಪ್ರಯೋಜನ ಇಲ್ಲ. ಒಪ್ಪಂದಗಳಲ್ಲಿ ಪ್ರತಿ ಸಾಲೂ ‘ಪ್ರತಿಯೊಬ್ಬರಿಗೂ ಹಕ್ಕಿದೆ’ ಅನ್ನುತ್ತದೆ. ಆ ಹಕ್ಕನ್ನು ಯಾರು ಕಿತ್ತುಕೊಂಡರು, ಯಾವ ಕಾಡಲ್ಲಿ, ಕೇಳಿದರೆ ಸರ್ಕಾರ ಏನು ಸಬೂಬು ಹೇಳಿತು? ಅದೆಲ್ಲ ಸಿಗುವುದು ಕೋರ್ಟಿನ ತೀರ್ಪಿನಲ್ಲಿ. ಹಾಗಾಗಿ ತೀರ್ಪಿನಿಂದಲೇ ಶುರು ಮಾಡಿ ಅಂತ ನಾನು ಹೇಳುವುದು. ಅದೂ ಕೊನೆಯ ಪುಟ ನೋಡಿ ಗೆದ್ದವರು ಯಾರು ಅಂತ ತಿಳಿದುಕೊಂಡರೆ ಸಾಲದು. ಯಾವ ಕಾರಣಕ್ಕೆ ಗೆದ್ದರು ಅನ್ನುವುದು ಮುಖ್ಯ.

ನಮ್ಮ ಕಾಡಿನದೇ ಉದಾಹರಣೆ ಇದೆ. ನಾಗರಹೊಳೆಯ ಮುರ್ಕಲ್‌ನಲ್ಲಿ ಅರಣ್ಯ ಜಾಗವನ್ನು ಒಂದು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರಲ್ಲಿ ಹೋಟೆಲ್ ಸೋತಿತು. ಇವತ್ತಿಗೂ ಅದನ್ನು ಆದಿವಾಸಿಗಳ ಗೆಲುವು ಅಂತ ಖುಷಿಯಿಂದ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಕಾರಣ ನೋಡಿ. ಕೋರ್ಟ್ ನಿಂತಿದ್ದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮತ್ತು 1972ರ ವನ್ಯಜೀವಿ ಕಾಯ್ದೆಯ ಮೇಲೆ. ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡನ್ನು ಬೇರೆ ಕೆಲಸಕ್ಕೆ ಕೊಟ್ಟಿದ್ದು ತಪ್ಪು ಅಂತ. ಹೋಟೆಲನ್ನು ಹೊರಗಿಟ್ಟ ಅದೇ ವನ್ಯಜೀವಿ ಕಾಯ್ದೆಯನ್ನು ತೋರಿಸಿಯೇ ಜೇನುಕುರುಬರನ್ನೂ ಕಾಡು ಬಿಡಿ ಅನ್ನುತ್ತಾ ಬಂದಿದ್ದಾರೆ. ಬರೀ ‘ಆದಿವಾಸಿಗಳು ಗೆದ್ದರು’ ಅಂತ ಓದಿದವರಿಗೆ ಇದು ಕಾಣುವುದೇ ಇಲ್ಲ.

ಇದರ ಪಕ್ಕದಲ್ಲೇ ಇಟ್ಟು ಓದಬೇಕಾದ ತೀರ್ಪು ಆಫ್ರಿಕಾದ್ದು. ಕೀನ್ಯಾದ ಮಾವ್ ಕಾಡಲ್ಲಿ ಒಗಿಯೆಕ್ ಅನ್ನುವ ಜನ ಇದ್ದಾರೆ. ಅವರೂ ಜೇನಿನವರೇ. 2009ರ ಅಕ್ಟೋಬರ್‌ನಲ್ಲಿ ಅಲ್ಲಿನ ಅರಣ್ಯ ಇಲಾಖೆ 30 ದಿನದಲ್ಲಿ ಜಾಗ ಖಾಲಿ ಮಾಡಿ ಅಂತ ನೋಟಿಸ್ ಕೊಟ್ಟಿತು. ವಿಷಯ ಆಫ್ರಿಕಾದ ಮಾನವ ಹಕ್ಕು ಆಯೋಗಕ್ಕೆ ಹೋಗಿ, ಅಲ್ಲಿಂದ 2012ರಲ್ಲಿ ತಾಂಜಾನಿಯಾದ ಆರುಷಾದಲ್ಲಿರುವ ಆಫ್ರಿಕನ್ ಕೋರ್ಟಿಗೆ ಬಂತು. ತೀರ್ಪು ಬಂದಿದ್ದು 2017ರ ಮೇ 26ಕ್ಕೆ.

ಈ ತೀರ್ಪಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಕೀನ್ಯಾ ಸರ್ಕಾರದ ವಾದಗಳಿರುವ ಭಾಗ. ತಮಾಷೆ ಅಲ್ಲ, ನಿಜವಾಗಿ. ನಮ್ಮ ಕೊಡಗಿನ ಗೋಣಿಕೊಪ್ಪದ ಹೋಟೆಲಲ್ಲಿ ಕಾಫಿ ಕುಡಿಯುತ್ತಾ ಕೇಳುವ ಮಾತುಗಳೇ ಅಲ್ಲಿ ಕಾನೂನಿನ ಭಾಷೆಯಲ್ಲಿ ಬರುತ್ತವೆ. ಒಂದು, ಇವರು ಈಗ ಹಿಂದಿನ ಹಾಗೆ ಬದುಕುತ್ತಿಲ್ಲ, ಎಲ್ಲರ ಹಾಗೆ ಆಗಿಬಿಟ್ಟಿದ್ದಾರೆ ಅಂತ. ನಮ್ಮಲ್ಲಿ ಹೇಳುತ್ತಾರಲ್ಲ, ‘ಕೈಯಲ್ಲಿ ಮೊಬೈಲ್, ಮನೆ ಮುಂದೆ ಬೈಕ್, ಇವರೆಂಥ ಕಾಡಿನವರು’ ಅಂತ, ಅದೇ. ಕೋರ್ಟ್ ಒಪ್ಪಲಿಲ್ಲ. ನಿಂತಲ್ಲೇ ನಿಂತಿದ್ದರೆ ಮಾತ್ರ ಸಂಸ್ಕೃತಿ ಅಂತೇನಿಲ್ಲ, ಕಾಲದ ಜೊತೆ ಬದಲಾದರೂ ಅದು ಅವರದೇ ಅಂದಿತು. ನಾವು ಕೊಡವರೋ ಗೌಡರೋ ಪ್ಯಾಂಟು ಹಾಕಿಕೊಂಡು ಬೆಂಗಳೂರಿನಲ್ಲಿ ಕೆಲಸ ಮಾಡಿದರೆ ಯಾರೂ ನಮ್ಮ ಐನ್‌ಮನೆ (ಕುಟುಂಬದ ಮೂಲ ಮನೆ) ಕಿತ್ತುಕೊಳ್ಳಲು ಬರುವುದಿಲ್ಲ, ಅಲ್ವಾ?

ಎರಡನೆಯ ವಾದ ಕಾಡು ಉಳಿಸಬೇಕು ಅನ್ನುವುದು. ಇಲ್ಲಿ ಕೋರ್ಟ್ ಕೇಳಿದ್ದು ಸಾಕ್ಷಿ. ಕಾಡು ಹಾಳಾಗಲು ಇವರೇ ಕಾರಣ ಅಂತ ತೋರಿಸಿ ಅಂದಿತು. ತೋರಿಸಲು ಆಗಲಿಲ್ಲ. ಬೇರೆ ಜನರ ಒತ್ತುವರಿ, ಸರ್ಕಾರವೇ ಕಾಡು ಕತ್ತರಿಸಿ ಜಾಗ ಹಂಚಿದ್ದು, ಮರ ಕಡಿಯಲು ಕೊಟ್ಟ ಪರವಾನಗಿ, ಇವೆಲ್ಲ ದಾಖಲೆಯಲ್ಲೇ ಇದ್ದವು. ಕಾಡು ಉಳಿಸುವುದು ತಪ್ಪು ಅಂತ ಕೋರ್ಟ್ ಎಲ್ಲೂ ಹೇಳಲಿಲ್ಲ. ಆ ಹೆಸರು ಹೇಳಿಬಿಟ್ಟರೆ ಒಕ್ಕಲೆಬ್ಬಿಸಲು ಸಾಕಾಗುವುದಿಲ್ಲ ಅಂತ ಹೇಳಿತು.

ಒಗಿಯೆಕ್‌ಗಳು ಸೋತ ಒಂದು ಅಂಶವೂ ಇದೆ. ಭೂಮಿ, ಧರ್ಮ, ಸಂಸ್ಕೃತಿ, ತಾರತಮ್ಯ, ಇಷ್ಟರಲ್ಲೂ ಅವರದೇ ಸರಿ ಅಂದ ಕೋರ್ಟ್, ಜೀವಿಸುವ ಹಕ್ಕಿನ ಉಲ್ಲಂಘನೆ ಆಗಿದೆ ಅನ್ನುವುದನ್ನು ಮಾತ್ರ ಒಪ್ಪಲಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯೊಳಗೆ ಜೀವನೋಪಾಯ, ಮಾನ, ಎಲ್ಲವನ್ನೂ ತುಂಬಿಸಿದೆ. ಅದನ್ನೇ ಓದಿ ಬೆಳೆದವರಿಗೆ ಇದು ಆಶ್ಚರ್ಯ. ಆಫ್ರಿಕನ್ ಕೋರ್ಟ್ ಅಲ್ಲಿ ದೇಹದ ಜೀವವನ್ನಷ್ಟೇ ನೋಡಿತು. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಕಾಗದದಲ್ಲಿ ಒಂದೇ ಥರ ಕಾಣುವ ಹಕ್ಕನ್ನು ಎರಡು ಕೋರ್ಟುಗಳು ಎಷ್ಟು ಬೇರೆ ಅಳತೆಯಲ್ಲಿ ಅಳೆಯುತ್ತವೆ ಅನ್ನುವುದು ಇಂಥ ಕಡೆ ತಿಳಿಯುತ್ತದೆ.

ಕಾಡಿನ ವಿಷಯ ಬೇಡ, ತೋಟದ್ದು ಹೇಳಿ ಅನ್ನುವವರು 1982ರ ಏಷ್ಯಾಡ್ ಕಾರ್ಮಿಕರ ತೀರ್ಪು ಓದಿ. ದೆಹಲಿಯ ಏಷ್ಯನ್ ಗೇಮ್ಸ್‌ಗೆ ಕಟ್ಟಡ ಕಟ್ಟಿದವರ ಕೇಸು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಆಳು ತರುವ ಜಮಾದಾರ ಕಮಿಷನ್ ಅಂತ ಹಿಡಿಯುತ್ತಿದ್ದ. ನ್ಯಾಯಮೂರ್ತಿ ಪಿ.ಎನ್. ಭಗವತಿ ಇದನ್ನು ಬರೀ ಕೂಲಿ ಬಾಕಿ ಅಂತ ನೋಡಲಿಲ್ಲ. ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಸಿಕೊಂಡರೆ ಅದು ಬಲವಂತದ ದುಡಿಮೆ ಅಂದರು. ದೊಣ್ಣೆ ಹಿಡಿದರೆ ಮಾತ್ರ ಬಲವಂತ ಅಲ್ಲ, ಹಸಿವೂ ಬಲವಂತವೇ ಅಂದರು. ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದಗಳನ್ನೂ ನೋಡಿದರು. ಜಮಾದಾರನ ಜಾಗದಲ್ಲಿ ಮೇಸ್ತ್ರಿ ಅಂತ ಹಾಕಿ, ಜೊತೆಗೆ ಲೈನ್ ಮನೆ (ತೋಟದೊಳಗೆ ಆಳುಗಳಿಗೆ ಕೊಡುವ ಸಾಲುಮನೆ) ಮತ್ತು ತೀರದ ಮುಂಗಡ ಸೇರಿಸಿ ಇನ್ನೊಮ್ಮೆ ಓದಿ. (ತೋಟದವರು ಕಾಮೆಂಟಿನಲ್ಲಿ ಬೈಯುವ ಮೊದಲು: ನಮ್ಮದೂ ಕಾಫಿ ತೋಟದ ಮನೆಯೇ. ಚೆನ್ನಾಗಿ ನೋಡಿಕೊಳ್ಳುವ ತೋಟಗಳೂ ಇವೆ, ಗೊತ್ತು.) 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ‘ಇವರೆಲ್ಲ ಎಲ್ಲಿಂದ ಬಂದರು’ ಅಂತ ಕೇಳಿದವರಿದ್ದರು. ಬಹಳ ಜನ ಬಂದಿದ್ದು ಈ ಲೈನ್ ಮನೆಗಳಿಂದಲೇ.

ಆಫ್ರಿಕಾದ ಕೋರ್ಟ್ ಹೇಳಿದರೆ ನಮಗೇನು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆ ತೀರ್ಪು ಮಡಿಕೇರಿ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಯುರೋಪ್, ಅಮೆರಿಕ, ಆಫ್ರಿಕಾಗಳಿಗೆ ಇರುವಂಥ ಪ್ರಾದೇಶಿಕ ಮಾನವ ಹಕ್ಕು ಕೋರ್ಟ್ ಏಷ್ಯಾಕ್ಕೆ ಇಲ್ಲವೇ ಇಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1997ರ ವಿಶಾಖಾ ಕೇಸಿನಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ದೇಶದಲ್ಲಿ ಕಾನೂನೇ ಇರಲಿಲ್ಲ. ಸುಪ್ರೀಂ ಕೋರ್ಟ್ ಮಹಿಳೆಯರ ಅಂತರರಾಷ್ಟ್ರೀಯ ಒಪ್ಪಂದವನ್ನು ಹಿಡಿದು ನಿಯಮ ಮಾಡಿತು. ಒಡಿಶಾದ ನಿಯಮಗಿರಿ ಬೆಟ್ಟದ ಗಣಿಯ ಬಗೆಗಿನ 2013ರ ತೀರ್ಪಿನಲ್ಲಿ ಬುಡಕಟ್ಟು ಜನರ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದಗಳನ್ನು ನೆನೆದು, ಗಣಿ ಬೇಕೋ ಬೇಡವೋ ಅಂತ ಗ್ರಾಮಸಭೆಗಳನ್ನು ಕೇಳಿ ಅಂದಿತು. ಕೇಳಿದರು. 12 ಗ್ರಾಮಸಭೆಗಳೂ ಬೇಡ ಅಂದವು.

ಇನ್ನೊಂದು ಮಾತು. ತೀರ್ಪಿನ ತಾರೀಕಿಗೇ ಓದು ನಿಲ್ಲಿಸಬೇಡಿ. ಒಗಿಯೆಕ್‌ಗಳಿಗೆ ಪರಿಹಾರ ಕೊಡಿ, ಭೂಮಿ ಅವರ ಹೆಸರಿಗೆ ಮಾಡಿ ಅಂತ ಅದೇ ಕೋರ್ಟ್ 2022ರ ಜೂನ್‌ನಲ್ಲಿ ಮತ್ತೆ ಆದೇಶ ಮಾಡಿತು. 2023ರ ನವೆಂಬರ್‌ನಲ್ಲಿ ಮಾವ್ ಕಾಡಲ್ಲಿ ಅವರ ಮನೆಗಳನ್ನು ಮತ್ತೆ ಕೆಡವಿದರು. ಇದನ್ನು ಓದಿ ‘ಹಾಗಾದರೆ ತೀರ್ಪಿನಿಂದ ಏನು ಪ್ರಯೋಜನ’ ಅನ್ನುವವರಿಗೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ. ಆದರೆ ಆ ಜನ ಮುಂದಿನ ಸಲ ಕೋರ್ಟಿಗೆ ಹೋದಾಗ ಈ ಭೂಮಿ ಯಾರದು ಅನ್ನುವಲ್ಲಿಂದ ವಾದ ಶುರು ಮಾಡಬೇಕಾಗಿಲ್ಲ. ನಾಗರಹೊಳೆಯ ಹಾಡಿಗಳವರು (ಕಾಡೊಳಗಿನ ಆದಿವಾಸಿ ಊರುಗಳವರು) 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಇನ್ನೂ ಅಲ್ಲಿಂದಲೇ ಶುರು ಮಾಡುತ್ತಿದ್ದಾರೆ.

ಒಗಿಯೆಕ್ ತೀರ್ಪು ಆಫ್ರಿಕನ್ ಕೋರ್ಟಿನ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಕಷ್ಟವೇನಲ್ಲ, ಉದ್ದ ಇದೆ ಅಷ್ಟೇ. ಮೊದಲು ಘಟನೆಗಳ ಭಾಗ, ಆಮೇಲೆ ಸರ್ಕಾರದ ವಾದ ಓದಿ. ಕೀನ್ಯಾ ಮೊದಲಿಗೆ ಎತ್ತಿದ ತಕರಾರುಗಳ ಪುಟಗಳು ಬೋರ್ ಹೊಡೆಸುತ್ತವೆ, ಅವನ್ನು ಎರಡನೇ ಓದಿಗೆ ಇಟ್ಟುಕೊಳ್ಳಿ. ಸಂಸ್ಕೃತಿಯ ಬಗೆಗಿನ ಭಾಗವನ್ನು ನಾನು ಕನ್ನಡಕ್ಕೆ ಮಾಡುತ್ತಿದ್ದೇನೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಮುಗಿದಷ್ಟು ಕಳಿಸುತ್ತೇನೆ.