ಪಂಚರಿಲ್ಲದ ಶೋಧ

ಕೆಲವು ವರ್ಷಗಳ ಹಿಂದೆ ಮನೆಯೊಂದರಲ್ಲಿ ಪೊಲೀಸರು ಶೋಧ ನಡೆಸಿದಾಗ ಶೋಧಕ್ಕೆ ಸಾಕ್ಷಿಗಳಾದ ಇಬ್ಬರು ಪಂಚರಲ್ಲಿ ಒಬ್ಬನಾಗಿ ನಾನು ನಿಲ್ಲಬೇಕಾಯಿತು. ಸಬ್ ಇನ್‌ಸ್ಪೆಕ್ಟರು ಒಂದೊಂದೇ ವಸ್ತುವನ್ನು ಎತ್ತಿ ಹಿಡಿದು ಹೇಳುತ್ತಾ ಹೋದರು, ಕಾನ್‌ಸ್ಟೆಬಲ್ ಒಬ್ಬರು ಬರೆದುಕೊಳ್ಳುತ್ತಾ ಹೋದರು: ಬೀರುವಿನ ಕೆಳಗಿನ ಖಾನೆಯಲ್ಲಿ ಎರಡು ಪಾಸ್‌ಬುಕ್, ನೀಲಿ ರಟ್ಟಿನ ಡೈರಿ ಒಂದು, ರಬ್ಬರ್ ಬ್ಯಾಂಡ್ ಸುತ್ತಿದ ರಸೀದಿಗಳ ಕಟ್ಟು ಒಂದು. ಎರಡು ಗಂಟೆಯ ನಂತರ ಮಹಜರಿನ ಪ್ರತಿ ಪುಟಕ್ಕೂ ನಾವು ಸಹಿ ಹಾಕಿದೆವು. ಅದರ ಒಂದು ಪ್ರತಿಯನ್ನು ಆ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಲಾಯಿತು. ಆಕೆ ಅದನ್ನು ಓದಲಿಲ್ಲ, ಮಡಿಸಿ ಸೆರಗಿನ ಗಂಟಿಗೆ ಸೇರಿಸಿಕೊಂಡರು. ಆದರೆ ತಮ್ಮ ಮನೆಯೊಳಗೆ ಯಾರು ಬಂದರು, ಏನನ್ನು ಒಯ್ದರು ಎಂಬುದಕ್ಕೆ ಅವರ ಬಳಿ ಒಂದು ಕಾಗದವಿತ್ತು.

ಫೋನ್ ಕದ್ದಾಲಿಕೆಯ ಸುದ್ದಿ ಬಂದಾಗಲೆಲ್ಲ ನನಗೆ ಆ ಕಾಗದ ನೆನಪಾಗುತ್ತದೆ. ಮನೆಯ ಶೋಧವನ್ನು ತುರ್ತು ಸಂದರ್ಭದಲ್ಲಿ ವಾರಂಟ್ ಇಲ್ಲದೆ ನಡೆಸಿದರೂ ಪೊಲೀಸರು ಕಾರಣವನ್ನು ಬರೆದಿಟ್ಟು, ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಅದೇ ಮನೆಯವರು ಫೋನಿನಲ್ಲಿ ಆಡುವ ಮಾತನ್ನು ಎರಡು ತಿಂಗಳ ಕಾಲ ಕೇಳಿಸಿಕೊಳ್ಳುವುದಕ್ಕೆ ಮ್ಯಾಜಿಸ್ಟ್ರೇಟರೂ ಬೇಕಿಲ್ಲ, ಪಂಚರೂ ಬೇಕಿಲ್ಲ. ಗೃಹ ಕಾರ್ಯದರ್ಶಿಯ ಸಹಿ ಸಾಕು. ಆ ಅವಧಿಯನ್ನು ಆರು ತಿಂಗಳವರೆಗೆ ವಿಸ್ತರಿಸಲೂಬಹುದು. ಭಾರತದಲ್ಲಿ ವಾರಂಟ್ ಇಲ್ಲದ ಕಣ್ಗಾವಲು ಎಂಬುದು ಯಾರೋ ಅಧಿಕಾರಿ ನಿಯಮ ಮೀರಿ ಮಾಡುವ ಕೆಲಸವಲ್ಲ, ನಿಯಮವೇ ಅದು.

ಈ ನಿಯಮದ ಬೇರು ಇರುವುದು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಅಗತ್ಯ ಒದಗಿದಾಗ ಸಂದೇಶಗಳನ್ನು ತಡೆಹಿಡಿದು ನೋಡಬಹುದೆಂದು ಅದರ 5(2)ನೇ ಕಲಂ ಹೇಳುತ್ತಿತ್ತು. ಯಾರು, ಹೇಗೆ, ಎಷ್ಟು ದಿನ ಎಂಬುದಕ್ಕೆ ನೂರಕ್ಕೂ ಹೆಚ್ಚು ವರ್ಷ ಸರಿಯಾದ ಕಾರ್ಯವಿಧಾನವೇ ಇರಲಿಲ್ಲ. ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ಆರೋಪದ ಮೇಲೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಇಂಥ ಆರೋಪಕ್ಕೆ ಕುರ್ಚಿ ಬಿಡಬೇಕೆಂಬ ಸಂಕೋಚವಾದರೂ ಆಗ ಉಳಿದಿತ್ತು.

ಕಾರ್ಯವಿಧಾನ ಬಂದದ್ದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ, 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ. ಕದ್ದಾಲಿಸುವ ಮೊದಲು ನ್ಯಾಯಾಂಗದ ಅನುಮತಿ ಬೇಕೆಂದು ಅರ್ಜಿದಾರರು ವಾದಿಸಿದ್ದರು. ಕಾಯ್ದೆಯಲ್ಲಿ ಅಂಥ ಅವಕಾಶವಿಲ್ಲದಿರುವಾಗ ತಾನು ಅದನ್ನು ಸೇರಿಸಲಾರೆ ಎಂದ ನ್ಯಾಯಾಲಯ, ಗೃಹ ಕಾರ್ಯದರ್ಶಿಯ ಆದೇಶ ಮತ್ತು ಅದರ ಮೇಲೊಂದು ಪರಿಶೀಲನಾ ಸಮಿತಿ ಎಂಬ ಏರ್ಪಾಡು ಮಾಡಿತು. ಕೇಂದ್ರದಲ್ಲಿ ಆ ಸಮಿತಿಯಲ್ಲಿ ಕೂರುವವರು ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ದೂರಸಂಪರ್ಕ ಕಾರ್ಯದರ್ಶಿ. ಅಂದರೆ ಕೇಳುವವರು ಸರ್ಕಾರದವರು, ಒಪ್ಪುವವರು ಸರ್ಕಾರದವರು, ಒಪ್ಪಿದ್ದು ಸರಿಯೇ ಎಂದು ನೋಡುವವರೂ ಸರ್ಕಾರದವರೇ. ಈ ಮೂವರೂ ಪ್ರಾಮಾಣಿಕರೆಂದೇ ಇಟ್ಟುಕೊಳ್ಳೋಣ. ದತ್ತಾಂಶ ರಕ್ಷಣೆ ಕುರಿತು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳಿರುತ್ತವೆ. ಟೀ ಕುಡಿಯಲೂ ಏಳದೆ ಎಂಟು ಗಂಟೆ ಕೂತರೂ ಅವರಿಗೆ ಸಿಗುವುದು 28,800 ಸೆಕೆಂಡು. ಒಂದು ಆದೇಶಕ್ಕೆ ಎರಡು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಹೆಸರನ್ನು ಓದಿ ಮುಗಿಸುವುದೂ ಕಷ್ಟ. ಕಾರಣವನ್ನು ತೂಗಿ ನೋಡುವ ಮಾತು ದೂರವೇ ಉಳಿಯಿತು.

2017ರ ಆಗಸ್ಟ್ 24ರಂದು ಇದೆಲ್ಲ ಬದಲಾಗಬೇಕಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದಕ್ಕೂ ಐದೂವರೆ ದಶಕಗಳ ಹಿಂದೆ ಖರಕ್ ಸಿಂಗ್ ಎಂಬವರ ಪ್ರಕರಣದಲ್ಲಿ ಇದೇ ನ್ಯಾಯಾಲಯ ಬೇರೆ ಮಾತು ಹೇಳಿತ್ತು. ಡಕಾಯಿತಿ ಆರೋಪದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಈ ಮನುಷ್ಯನ ಬಾಗಿಲನ್ನು ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಬಡಿದು ಎಬ್ಬಿಸುತ್ತಿದ್ದರು. ರಾತ್ರಿ ಭೇಟಿ ತಪ್ಪು ಎಂದ ನ್ಯಾಯಾಲಯ, ಖಾಸಗಿತನದ ಹಕ್ಕು ಮಾತ್ರ ಸಂವಿಧಾನದಲ್ಲಿಲ್ಲ ಎಂದಿತ್ತು. ಆ ಮಾತನ್ನು 2017ರ ತೀರ್ಪು ಅಳಿಸಿತು. ಖಾಸಗಿತನಕ್ಕೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮವು ಅಗತ್ಯವನ್ನು ಮೀರಬಾರದು ಎಂಬ ಅಳತೆಗೋಲನ್ನೂ ಕೊಟ್ಟಿತು. ಖರಕ್ ಸಿಂಗರ ಬಗ್ಗೆ ಯೋಚಿಸುವಾಗ ನನಗೊಂದು ವಿಚಿತ್ರ ಹೊಳೆಯುತ್ತದೆ: ಬಾಗಿಲು ಬಡಿದದ್ದು ಕೇಳಿಸಿದ್ದರಿಂದಲೇ ಆತ ಕೋರ್ಟಿಗೆ ಹೋಗಲು ಸಾಧ್ಯವಾಯಿತು.

ಅಳತೆಗೋಲು ಕೈಗೆ ಬಂದ ಮೇಲೆ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಪ್ರತಿಪಕ್ಷಗಳ ನೂರಕ್ಕೂ ಹೆಚ್ಚು ಸದಸ್ಯರು ಅಮಾನತಾಗಿದ್ದ ಅಧಿವೇಶನವದು. ಟೆಲಿಗ್ರಾಫ್ ಹೋಯಿತು, 5(2)ನೇ ಕಲಮಿನ ಪದಗಳು ಹೆಚ್ಚುಕಡಿಮೆ ಹಾಗೆಯೇ 20ನೇ ಕಲಮಿಗೆ ಬಂದು ಕುಳಿತವು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮಗಳಲ್ಲೂ ಅದೇ ಗೃಹ ಕಾರ್ಯದರ್ಶಿ, ಅದೇ ಸಮಿತಿ. 1996ರಲ್ಲಿ ನ್ಯಾಯಾಲಯ ‘ಕಾಯ್ದೆಯಲ್ಲಿಲ್ಲ’ ಎಂದು ಕೈಬಿಟ್ಟದ್ದನ್ನು ಸೇರಿಸಲು ಶಾಸಕಾಂಗಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ.

ಭಯೋತ್ಪಾದನೆಯ ಪ್ರಕರಣಗಳಲ್ಲಿ ನ್ಯಾಯಾಧೀಶರ ಸಹಿಗಾಗಿ ಕಾಯುತ್ತಾ ಕೂರಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಯಬೇಕಿಲ್ಲ, ಮೊದಲು ಕೇಳಿಸಿಕೊಳ್ಳಲಿ, ಒಂದೆರಡು ದಿನಗಳೊಳಗೆ ನ್ಯಾಯಾಧೀಶರ ಒಪ್ಪಿಗೆ ಪಡೆಯಲಿ, ಸಿಗದಿದ್ದರೆ ನಿಲ್ಲಿಸಲಿ. ಹಾಗೆಂದು ನ್ಯಾಯಾಧೀಶರು ಕಣ್ಣುಮುಚ್ಚಿ ಸಹಿ ಹಾಕುವುದಿಲ್ಲ ಎಂದೂ ಅಲ್ಲ. ಅಮೆರಿಕದ ಗುಪ್ತ ಕಣ್ಗಾವಲು ನ್ಯಾಯಾಲಯವು ತನ್ನ ಮುಂದೆ ಬಂದ ಅರ್ಜಿಗಳಲ್ಲಿ ಬಹುಪಾಲನ್ನು ಒಪ್ಪಿಕೊಳ್ಳುತ್ತಾ ಬಂದಿದೆ. ಆದರೂ ಹೊರಗಿನವರೊಬ್ಬರಿಗೆ ಕಾರಣ ಬರೆದು ಕೊಡಬೇಕೆಂದಾಗ ಕಾರಣವೇ ಇಲ್ಲದ ಅರ್ಜಿಗಳು ಮೇಜಿನಿಂದ ಮೇಲೇಳುವುದು ಕಷ್ಟ. ನಮ್ಮಲ್ಲಿ ಹೊರಗಿನವರ ಕಣ್ಣಿಗೆ ಬಿದ್ದ ಕೆಲವೇ ಆದೇಶಗಳ ಗತಿ ಏನಾಯಿತು ನೋಡಿ. ಲಂಚದ ತನಿಖೆಗಾಗಿ ಉದ್ಯಮಿಯೊಬ್ಬರ ಫೋನ್ ಕದ್ದಾಲಿಸಲು ಹೊರಡಿಸಿದ್ದ ಮೂರು ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ರದ್ದುಮಾಡಿತು. ಅಲ್ಲಿ ತುರ್ತು ಪರಿಸ್ಥಿತಿಯೂ ಇರಲಿಲ್ಲ, ಸಾರ್ವಜನಿಕ ಸುರಕ್ಷತೆಗೆ ಧಕ್ಕೆಯೂ ಇರಲಿಲ್ಲ. ಆ ಆದೇಶಗಳು ಬೆಳಕಿಗೆ ಬಂದದ್ದು ಮೊಕದ್ದಮೆ ಹೂಡಿದ್ದರಿಂದ. ಏನೂ ಸಿಗದೆ ತನಿಖಾಧಿಕಾರಿಗಳು ಸುಮ್ಮನೆ ಬಿಟ್ಟುಬಿಟ್ಟವರಿಗೆ ತಮ್ಮ ಮಾತನ್ನು ಯಾರೋ ಕೇಳಿಸಿಕೊಂಡರು ಎಂಬುದೇ ತಿಳಿಯುವುದಿಲ್ಲ.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಅಪರಾಧ ತನಿಖೆಗಾಗಿ ಫೋನ್ ಕದ್ದಾಲಿಸಿದರೆ, ಅದು ಮುಗಿದ 90 ದಿನಗಳೊಳಗೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂದು ಅಮೆರಿಕದ 1968ರ ಕಾಯ್ದೆ ಹೇಳುತ್ತದೆ. ನ್ಯಾಯಾಧೀಶರು ಒಪ್ಪಿದರೆ ಮಾತ್ರ ಅದನ್ನು ಮುಂದೂಡಬಹುದು. ನಮ್ಮ ನಿಯಮಗಳಲ್ಲಿ ಇಂಥ ತಿಳಿವಳಿಕೆ ಪತ್ರದ ಮಾತೇ ಇಲ್ಲ. ಬದಲಿಗೆ, ಮುಂದೆ ಅಗತ್ಯವಿಲ್ಲದ ಕದ್ದಾಲಿಕೆಯ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಮಾಡಬೇಕು ಎಂದಿದೆ. ಕೇಳಿಸಿಕೊಂಡ ಮಾತನ್ನು ಅಳಿಸಿಹಾಕಲಿ, ಅದು ಒಳ್ಳೆಯದೇ. ಆದರೆ ಕೇಳಿಸಿಕೊಳ್ಳಲು ಹೊರಡಿಸಿದ ಆದೇಶವೂ ಅದರ ಜೊತೆಗೇ ಹೋಗುತ್ತದೆ. ಆ ಹಿರಿಯ ಹೆಂಗಸಿನ ಸೆರಗಿನಲ್ಲಿದ್ದಂಥ ಕಾಗದ ನಮ್ಮ ಕೈಗೆ ಬರುವುದಿಲ್ಲ, ಸರ್ಕಾರದ ಕಡತದಲ್ಲೂ ಉಳಿಯುವುದಿಲ್ಲ.